ಮೊದಲು ಕೈ, ಆಮೇಲೆ ಮನಸ್ಸು

(ಯೆಹೂದಿ ಧರ್ಮದ ವಿಧಿನಿಷೇಧಗಳನ್ನು ಕುರಿತು ಮಾಡಿದ ಒಂದು ಉಪನ್ಯಾಸದ ಬರಹರೂಪ)



ಯೆಹೂದ್ಯರ ಬಗ್ಗೆ ನಮ್ಮಲ್ಲಿ ಓದಿಕೊಂಡವರಿಗೂ ತಿಳಿದಿರುವುದು ಅಷ್ಟಕ್ಕಷ್ಟೆ. ಷೇಕ್ಸ್‌ಪಿಯರನ ಷೈಲಾಕ್ ಗೊತ್ತು, ಹಿಟ್ಲರ್ ನಡೆಸಿದ ಮಾರಣಹೋಮ ಗೊತ್ತು, ಇಸ್ರೇಲಿನ ಯುದ್ಧಗಳು ಗೊತ್ತು. ಆದರೆ ಆ ಜನ ಬೆಳಗ್ಗೆ ಎದ್ದು ಏನು ಮಾಡುತ್ತಾರೆ, ಉಣ್ಣುವ ಮುಂಚೆ ಏನನ್ನು ನೆನೆಯುತ್ತಾರೆ, ಮನೆಯಲ್ಲಿ ಸಾವಾದರೆ ಯಾರು ಬಂದು ಕೂರುತ್ತಾರೆ ಎಂಬುದು ಗೊತ್ತಿಲ್ಲ. ಅವರ ಧರ್ಮವಾದರೋ ಬಹುಪಾಲು ಇರುವುದು ಅಲ್ಲಿಯೇ.

ನಾನು ಯೆಹೂದಿಯಲ್ಲ; ಆ ಶಾಸ್ತ್ರದ ಪಂಡಿತನೂ ಅಲ್ಲ. ಕೆಲಸದ ನಿಮಿತ್ತ ಇಂಗ್ಲೆಂಡಿನ ಒಂದು ಊರಿನಲ್ಲಿ ಎರಡು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ಒಬ್ಬ ವೃದ್ಧ ದಂಪತಿ. ಆತ ನಿವೃತ್ತ ಗಣಿತದ ಮೇಷ್ಟ್ರು. ಅವರಿಂದ ಕೇಳಿದ್ದು, ನೋಡಿದ್ದು, ಆಮೇಲೆ ಕುತೂಹಲಕ್ಕೆಂದು ಓದಿದ್ದು, ಇಷ್ಟೇ ನನ್ನ ಬಂಡವಾಳ. ನನ್ನ ಮುಂದಿರುವ ಪ್ರಶ್ನೆಯೂ ಒಂದೇ. ಬೆಳಗಿನಿಂದ ರಾತ್ರಿಯವರೆಗೆ ಇದನ್ನು ಮಾಡು, ಅದನ್ನು ಬಿಡು ಎಂಬ ಕಟ್ಟಳೆಗಳ ನಡುವೆ ಬದುಕುವ ಮನುಷ್ಯ ಒಳಗಿನಿಂದ ಬೆಳೆಯುತ್ತಾನೆಯೇ, ಅಥವಾ ಒಣಗುತ್ತಾನೆಯೇ?

ಹೀಬ್ರೂ ಭಾಷೆಯಲ್ಲಿ ‘ಮಿತ್ಸ್ವಾ’ ಎಂದರೆ ಆಜ್ಞೆ. ಆಡುಮಾತಿನಲ್ಲಿ ಅದೇ ಪದಕ್ಕೆ ‘ಒಳ್ಳೆಯ ಕೆಲಸ’ ಎಂಬ ಅರ್ಥವೂ ಬಂದುಬಿಟ್ಟಿದೆ. ಕಣ್ಣು ಕಾಣದ ಮುದುಕಿಗೆ ರಸ್ತೆ ದಾಟಿಸಿದರೆ ಒಂದು ಮಿತ್ಸ್ವಾ ಮಾಡಿದಂತೆ. ಅಪ್ಪಣೆಯ ಪಾಲನೆ ಮತ್ತು ಒಳ್ಳೆಯತನ, ಇವೆರಡಕ್ಕೂ ಒಂದೇ ಮಾತು! ಹತ್ತು ಆಜ್ಞೆಗಳ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಒಟ್ಟು ಆಜ್ಞೆಗಳು 613 ಎಂಬ ಲೆಕ್ಕ ತಾಲ್ಮುಡ್ ಗ್ರಂಥದಲ್ಲಿ ರಬ್ಬಿ ಸಿಮ್ಲಾಯ್ ಅವರ ಹೆಸರಿನಲ್ಲಿ ಬರುತ್ತದೆ. ಮಾಡು ಎನ್ನುವವು 248, ಬೇಡ ಎನ್ನುವವು 365. ವರ್ಷದ ದಿನಗಳು 365. ದೇಹದ ಭಾಗಗಳು ಆ ಕಾಲದ ಎಣಿಕೆಯಂತೆ 248. ಅಂದರೆ ಪ್ರತಿ ದಿನವೂ ಒಂದು ‘ಬೇಡ’ ಹೇಳುತ್ತದೆ, ಪ್ರತಿ ಅಂಗವೂ ಒಂದು ‘ಮಾಡು’ ಹೇಳುತ್ತದೆ ಎಂಬ ಭಾವ. ಸ್ವಾರಸ್ಯವೇನೆಂದರೆ, ಅದೇ ಜಾಗದಲ್ಲಿ ತಾಲ್ಮುಡ್ ಈ ಸಂಖ್ಯೆಯನ್ನು ಇಳಿಸುತ್ತ ಹೋಗುತ್ತದೆ. ದಾವೀದ ಅವನ್ನು ಹನ್ನೊಂದಕ್ಕೆ ತಂದ, ಪ್ರವಾದಿ ಯೆಶಾಯ ಆರಕ್ಕೆ, ಮೀಕ ಮೂರಕ್ಕೆ, ಹಬಕ್ಕೂಕ ಒಂದಕ್ಕೆ. ಆ ಒಂದು, ನಂಬಿಕೆಯಿಂದ ಬಾಳುವುದು. ನಮ್ಮ ಗಣಿತದ ಮೇಷ್ಟ್ರಿಗೆ ಈ ಭಾಗ ಬಹಳ ಪ್ರಿಯ. ಭಿನ್ನರಾಶಿಯನ್ನು ಸುಲಭ ರೂಪಕ್ಕೆ ತರುವುದೆಂದರೆ ಇದೇ, ಆದರೆ ಸುಲಭ ರೂಪಕ್ಕೆ ತಂದ ಮೇಲೂ ಲೆಕ್ಕದ ಹಂತಗಳನ್ನು ಅಳಿಸಬಾರದು ಎನ್ನುತ್ತಿದ್ದರು.

613ರಲ್ಲಿ ಹೆಚ್ಚಿನವು ಜೆರುಸಲೇಮಿನ ದೇವಾಲಯಕ್ಕೆ, ಬಲಿಪೂಜೆಗೆ, ಪುರೋಹಿತರಿಗೆ, ಅರಸರಿಗೆ ಸಂಬಂಧಿಸಿದವು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ನಾಶ ಮಾಡಿದ ಮೇಲೆ ಅವುಗಳನ್ನು ಪಾಲಿಸುವ ಮಾತೇ ಇಲ್ಲ. ಇಂದಿಗೂ ಪಾಲಿಸಬಹುದಾದವು ವಿಧಿಗಳಲ್ಲಿ 77, ನಿಷೇಧಗಳಲ್ಲಿ 194 ಎಂದು ಒಬ್ಬ ರಬ್ಬಿ ಪಟ್ಟಿ ಮಾಡಿದ್ದಾರೆ. ಅವರ ವಿಷಯ ಆಮೇಲೆ ಬರುತ್ತದೆ.

ಇಷ್ಟೊಂದು ನಿಯಮಗಳು ಏಕೆ ಬೇಕು? ಅವರಲ್ಲಿಯೇ ಇದಕ್ಕೆ ಹಳೆಯ ಉತ್ತರವೊಂದಿದೆ. ಪಶುವನ್ನು ಕುತ್ತಿಗೆಯ ಮುಂಭಾಗದಿಂದ ಕೊಯ್ದರೇನು, ಹಿಂಭಾಗದಿಂದ ಕೊಯ್ದರೇನು, ಅದರಿಂದ ದೇವರಿಗೆ ಆಗಬೇಕಾದ್ದೇನು ಎಂದು ಪ್ರಾಚೀನ ವ್ಯಾಖ್ಯಾನಕಾರರೊಬ್ಬರು ನೇರವಾಗಿ ಕೇಳುತ್ತಾರೆ. ದೇವರಿಗೆ ಏನೂ ಆಗಬೇಕಿಲ್ಲ. ಮನುಷ್ಯನನ್ನು ಶುದ್ಧಿಮಾಡಲೆಂದೇ ಆಜ್ಞೆಗಳು ಬಂದವು ಎಂಬುದು ಅವರ ಉತ್ತರ. ಅವರು ಬಳಸುವ ಕ್ರಿಯಾಪದ ಅಕ್ಕಸಾಲಿಗರದು. ಅದಿರನ್ನು ಕುಲುಮೆಯಲ್ಲಿಟ್ಟು ಕಿಟ್ಟ ತೆಗೆಯುವುದಕ್ಕೆ ಆ ಮಾತನ್ನು ಹೇಳುತ್ತಾರೆ. ಒಮ್ಮೆ ಕಾಸಿದರೆ ಸಾಲದು, ಮತ್ತೆ ಮತ್ತೆ ಕಾಸಬೇಕು.

ಇನ್ನೊಂದು ಪ್ರಸಂಗ. ಸೀನಾಯ್ ಬೆಟ್ಟದ ಬುಡದಲ್ಲಿ ಒಡಂಬಡಿಕೆಯನ್ನು ಒಪ್ಪುವಾಗ ಇಸ್ರೇಲರು ಮೊದಲು ‘ಮಾಡುತ್ತೇವೆ’ ಎಂದೂ ಆಮೇಲೆ ‘ಕೇಳುತ್ತೇವೆ’ ಎಂದೂ ಹೇಳಿದರಂತೆ. ವ್ಯಾಖ್ಯಾನಕಾರರಿಗೆ ಈ ಅನುಕ್ರಮವೇ ದೊಡ್ಡ ವಿಷಯ. ಕೇಳಿ, ತಿಳಿದು, ಒಪ್ಪಿ ಆಮೇಲೆ ಮಾಡುವುದು ಲೋಕದ ರೂಢಿ. ಇಲ್ಲಿ ಅದು ತಲೆಕೆಳಗು. ಈಜುವುದರ ಅರ್ಥ ನೀರಿಗಿಳಿದ ಮೇಲೆಯೇ ತಿಳಿಯುವುದಲ್ಲವೇ? ಹದಿಮೂರನೆಯ ಶತಮಾನದ ಸ್ಪೇನಿನಲ್ಲಿ ಹೆಸರು ಹೇಳಿಕೊಳ್ಳದ ಲೇಖಕನೊಬ್ಬ 613 ಆಜ್ಞೆಗಳಿಗೂ ಕಾರಣ ವಿವರಿಸುವ ‘ಸೇಫರ್ ಹಾಹಿನುಖ್’ ಎಂಬ ಪುಸ್ತಕ ಬರೆದ. ಮನುಷ್ಯನ ಮನಸ್ಸು ಅವನು ಮಾಡುವ ಕೆಲಸಗಳ ಹಿಂದೆ ಹೋಗುತ್ತದೆ ಎಂಬುದನ್ನು ಅವನು ಮತ್ತೆ ಮತ್ತೆ ಹೇಳುತ್ತಾನೆ. ದುಷ್ಟನೂ ಒಳ್ಳೆಯ ಕೆಲಸದಲ್ಲಿ ದಿನವೂ ತೊಡಗಿದರೆ ಮೆತ್ತಗಾಗುತ್ತಾನೆ. ಸಜ್ಜನನೂ ಕ್ರೂರವಾದ ಕಸುಬಿನಲ್ಲಿ ದಿನವೂ ನಿಂತರೆ ಕ್ರೂರನಾಗುತ್ತಾನೆ.

ಇದನ್ನು ಹಣದ ಲೆಕ್ಕದಲ್ಲಿ ಹೇಳಿದವರು ಮೈಮೋನಿಡೀಸ್. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯರಾಗಿ ಬಾಳಿ 1204ರಲ್ಲಿ ತೀರಿಕೊಂಡ ಈ ದಾರ್ಶನಿಕರಷ್ಟು ದೊಡ್ಡ ಹೆಸರು ಮಧ್ಯಯುಗದ ಯೆಹೂದ್ಯರಲ್ಲಿ ಇನ್ನೊಂದಿಲ್ಲ. ಒಬ್ಬನಿಗೆ ಒಂದೇ ಸಲ ಸಾವಿರ ನಾಣ್ಯ ಕೊಡುವುದು, ಸಾವಿರ ಸಲ ಒಂದೊಂದು ನಾಣ್ಯ ಕೊಡುವುದು, ಇವೆರಡರಲ್ಲಿ ಯಾವುದು ಮೇಲು? ಪಡೆಯುವವನ ಕಡೆಯಿಂದ ನೋಡಿದರೆ ಮೊದಲನೆಯದೇ ಮೇಲೆನ್ನಬಹುದು. ಆದರೆ ಕೊಡುವವನ ಸ್ವಭಾವ ತಿದ್ದುವುದು ಎರಡನೆಯದು. ಒಂದೇ ಉಬ್ಬರದಲ್ಲಿ ಕೊಟ್ಟವನ ಕೈ ಮತ್ತೆ ಮುಚ್ಚಿಕೊಳ್ಳುತ್ತದೆ. ಸಾವಿರ ಸಲ ತೆರೆದ ಕೈಗೆ ತೆರೆಯುವುದು ಅಭ್ಯಾಸವಾಗುತ್ತದೆ. ಇದೇ ಮೈಮೋನಿಡೀಸ್ ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಎಣಿಸಿದ್ದಾರೆ. ಮುಖ ಗಂಟಿಕ್ಕಿಕೊಂಡು ಕೊಡುವುದು ತೀರ ಕೆಳಗಿನ ಮೆಟ್ಟಿಲು. ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗೊತ್ತಿಲ್ಲದಂತೆ ಕೊಡುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು ಸಾಲವನ್ನೋ ಕೆಲಸವನ್ನೋ ಪಾಲುದಾರಿಕೆಯನ್ನೋ ಕೊಟ್ಟು, ಅವನು ಇನ್ನು ಕೈಯೊಡ್ಡದಂತೆ ಮಾಡುವುದು. ಎಂಟು ಶತಮಾನಗಳ ಹಿಂದಿನ ಮಾತು ಇದು!

ಇನ್ನು ಸಬ್ಬತ್ತಿಗೆ ಬರೋಣ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶುಕ್ರವಾರ ಸೂರ್ಯಾಸ್ತಕ್ಕೆ ಮುಂಚೆ ಶುರುವಾಗಿ ಶನಿವಾರ ಕತ್ತಲಾಗಿ ನಕ್ಷತ್ರ ಮೂಡುವವರೆಗೆ ಕೆಲಸ ನಿಷಿದ್ಧ. ಕೆಲಸ ಎಂದರೇನು? ಮಿಷ್ನಾ ಗ್ರಂಥ 39 ವಿಧಗಳನ್ನು ಎಣಿಸುತ್ತದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಹಿಟ್ಟು ನಾದುವುದು, ಬೇಯಿಸುವುದು, ನೂಲುವುದು, ನೇಯುವುದು, ಬರೆಯುವುದು, ಬರೆದದ್ದನ್ನು ಅಳಿಸುವುದು, ಕಟ್ಟುವುದು, ಕೆಡಹುವುದು, ಬೆಂಕಿ ಹೊತ್ತಿಸುವುದು, ಆರಿಸುವುದು ಹೀಗೆ. ಗಮನಿಸಿ, ಇದು ಆಯಾಸದ ಪಟ್ಟಿಯಲ್ಲ. ಮನೆಯೊಳಗೆ ಭಾರವಾದ ಕುರ್ಚಿಯನ್ನು ಆಚೀಚೆ ಎತ್ತಿಡಬಹುದು, ಬೆಂಕಿಕಡ್ಡಿ ಗೀರುವಂತಿಲ್ಲ. ಮನುಷ್ಯ ಪ್ರಕೃತಿಯ ಮೇಲೆ ತನ್ನ ಯಜಮಾನಿಕೆ ತೋರಿಸುವ ಕ್ರಿಯೆಗಳ ಪಟ್ಟಿ ಇದು. ವಾರಕ್ಕೊಂದು ದಿನ ಯಜಮಾನಿಕೆಗೆ ರಜೆ.

ಡಿಸೆಂಬರ್ ತಿಂಗಳಲ್ಲಿ ಆ ದೇಶದಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಮೂರೂವರೆಯ ಹೊತ್ತಿಗೆ ಅವರ ಮನೆಯಲ್ಲಿ ಎಲ್ಲ ಸಿದ್ಧವಾಗಬೇಕು. ಆ ದಿನ ಮಧ್ಯಾಹ್ನದ ಗಡಿಬಿಡಿ ನೋಡಿದರೆ ಇವರಿಗೂ ವಿಶ್ರಾಂತಿಗೂ ಸಂಬಂಧವೇ ಇಲ್ಲ ಎನ್ನಿಸುತ್ತಿತ್ತು. ಆಮೇಲೆ ಆ ತಾಯಿ ಎರಡು ದೀಪ ಹಚ್ಚಿ, ಬೆಳಕನ್ನು ತಮ್ಮ ಕಡೆಗೆ ಸೆಳೆದುಕೊಳ್ಳುವಂತೆ ಕೈಯಾಡಿಸಿ, ಎರಡೂ ಅಂಗೈಯಿಂದ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಕೈ ತೆಗೆದಾಗ ಮನೆ ಬೇರೆಯಾಗಿರುತ್ತಿತ್ತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಟೆಲಿಫೋನ್ ಹೊಡೆದುಕೊಂಡರೆ ಯಾರೂ ಎತ್ತರು. ಕೆಲಸದ ಮಾತಿಲ್ಲ, ದುಡ್ಡಿನ ಮಾತಿಲ್ಲ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ಹೆಣೆದ ರೊಟ್ಟಿ, ಒಂದು ಬಟ್ಟಲು ದ್ರಾಕ್ಷಾರಸ, ಹಾಡು, ಮತ್ತು ಎಷ್ಟು ಬೇಕಾದರೂ ಸಮಯ.

ಒಂದು ಶುಕ್ರವಾರ ನಾನು ಊಟಕ್ಕೆ ಹೋಗಿದ್ದಾಗ ಹಜಾರದ ದೀಪ, ಅದನ್ನು ಮೊದಲೇ ಗಡಿಯಾರಕ್ಕೆ ಹೊಂದಿಸಿಟ್ಟಿರುತ್ತಾರೆ, ಹೊತ್ತಿಗೆ ಮುಂಚೆಯೇ ಆರಿಹೋಯಿತು. ಮೇಣದಬತ್ತಿಗಳೂ ಮುಗಿಯುತ್ತ ಬಂದಿದ್ದವು. ನಾನು ಹಾಕುತ್ತೇನೆ ಎಂದು ಎದ್ದೆ. ಮೇಷ್ಟ್ರು ಬೇಡವೆಂದರು. ‘ನನಗಾಗಿ ನೀವು ಹಾಕುವುದು ಸರಿಯಲ್ಲ.’ ಸರಿ, ಕತ್ತಲಲ್ಲೇ ಕೂತೆವು. ಸ್ವಲ್ಪ ಹೊತ್ತಿಗೆ ನನಗೆ ಬಚ್ಚಲಿಗೆ ಹೋಗಬೇಕಾಯಿತು. ತಡವರಿಸುತ್ತ ಹೋದವನು ಹಜಾರದ ಸ್ವಿಚ್ಚು ಒತ್ತಿದೆ. ಹಿಂತಿರುಗಿ ಬಂದಾಗ ಅವರು ಗಟ್ಟಿಯಾಗಿ ನಗುತ್ತಿದ್ದರು. ಅನ್ಯಧರ್ಮೀಯನು ತನ್ನ ಅಗತ್ಯಕ್ಕೆ ದೀಪ ಹಚ್ಚಿಕೊಂಡರೆ ಆ ಬೆಳಕನ್ನು ಬಳಸಬಹುದು, ಯೆಹೂದಿಗಾಗಿ ಹಚ್ಚಿದರೆ ಬಳಸಬಾರದು ಎಂದು ಸಾವಿರದ ಎಂಟುನೂರು ವರ್ಷ ಹಳೆಯ ಮಿಷ್ನಾದಲ್ಲಿ ಬರೆದಿದೆಯಂತೆ! ‘ನಿಮ್ಮಿಂದಾಗಿ ಈ ರಾತ್ರಿ ನಾವು ಮಿಷ್ನಾದ ಒಳಗೇ ಕೂತು ಊಟ ಮಾಡುತ್ತಿದ್ದೇವೆ’ ಎಂದರು.

ಇದು ಕೂದಲು ಸೀಳುವ ತರ್ಕವೆಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಯೋಚಿಸಿದಾಗ ಇನ್ನೊಂದು ಮುಖ ಕಂಡಿತು. ನನ್ನ ಅನುಕೂಲಕ್ಕಾಗಿ ಇನ್ನೊಬ್ಬನನ್ನು ಸಾಧನವಾಗಿ ಬಳಸಬಾರದು ಎಂಬ ಎಚ್ಚರ ಅದರಲ್ಲಿದೆ. ದಾಸದಾಸಿಯರಿಗೂ, ಮನೆಯಲ್ಲಿರುವ ಪರಕೀಯನಿಗೂ, ಎತ್ತಿಗೂ ಕತ್ತೆಗೂ ಆ ದಿನ ಬಿಡುವು ಕೊಡಬೇಕು ಎಂಬುದು ಸಬ್ಬತ್ತಿನ ಮೂಲ ಆಜ್ಞೆಯಲ್ಲೇ ಇದೆ. ವಾರ್ಸಾದಲ್ಲಿ 1907ರಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಏಬ್ರಹಾಂ ಜೋಷುವಾ ಹೆಷೆಲ್ 1951ರಲ್ಲಿ ಸಬ್ಬತ್ತಿನ ಮೇಲೆಯೇ ಒಂದು ಪುಟ್ಟ ಪುಸ್ತಕ ಬರೆದರು. ಬೇರೆಯವರು ಸ್ಥಳದಲ್ಲಿ ಮಂದಿರ ಕಟ್ಟಿದರೆ ಯೆಹೂದ್ಯರು ಕಾಲದಲ್ಲಿ ಕಟ್ಟಿದರು ಎಂಬುದು ಅದರ ತಿರುಳು. ಮಂದಿರ ಕಳೆದುಕೊಂಡು ದೇಶ ದೇಶ ಅಲೆದವರಿಗೆ ಹೊತ್ತೊಯ್ಯಬಹುದಾದ ಮಂದಿರವೆಂದರೆ ಅದೊಂದೇ ಅಲ್ಲವೇ? ಇದೇ ಹೆಷೆಲ್ 1965ರಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರೊಂದಿಗೆ ಸೆಲ್ಮಾದಲ್ಲಿ ಹೆಜ್ಜೆ ಹಾಕಿದರು. ಆ ನಡಿಗೆಯಲ್ಲಿ ತಮ್ಮ ಕಾಲುಗಳೇ ಪ್ರಾರ್ಥಿಸುತ್ತಿದ್ದಂತೆ ಅನ್ನಿಸಿತೆಂದು ಅವರು ನಂತರ ಹೇಳಿಕೊಂಡರು.

ಆಹಾರದ ನಿಯಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಕೆಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದು ಎಂಬ ಕಟ್ಟಳೆ ತೋರಾದಲ್ಲಿ ಮೂರು ಸಲ ಬರುತ್ತದೆ. ಅದರಿಂದ ಬೆಳೆದು ಬಂದದ್ದು ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ ಎಂಬ ಅಡುಗೆಮನೆ. ನಮ್ಮ ಮಡಿಗೆ ಇದನ್ನು ಹೋಲಿಸುವವರಿದ್ದಾರೆ. ಹೋಲಿಕೆ ಪೂರ್ತಿ ಸರಿಯಲ್ಲ. ಇಲ್ಲಿ ಎಣಿಸುವುದು ಬಡಿಸಿದವರ ಹುಟ್ಟನ್ನಲ್ಲ, ಪಾತ್ರೆಯ ಚರಿತ್ರೆಯನ್ನು. ಅದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ದಿನಕ್ಕೆ ನೂರು ಸಲ ದೇವರನ್ನು ಸ್ತುತಿಸಬೇಕೆಂಬ ನಿಯಮ. ರೊಟ್ಟಿಗೊಂದು ಸ್ತುತಿ, ಮರದ ಹಣ್ಣಿಗೊಂದು, ನೆಲದ ತರಕಾರಿಗೊಂದು, ಗುಡುಗಿಗೊಂದು, ಕಾಮನಬಿಲ್ಲಿಗೊಂದು. ಶೌಚಾಲಯದಿಂದ ಹೊರಬಂದು ಕೈ ತೊಳೆದ ಮೇಲೂ ಒಂದು ಇದೆ. ಶರೀರದಲ್ಲಿ ತೆರೆಯಬೇಕಾದದ್ದು ತೆರೆದು, ಮುಚ್ಚಬೇಕಾದದ್ದು ಮುಚ್ಚಿದೆಯಲ್ಲ ಎಂಬುದಕ್ಕೆ ಕೃತಜ್ಞತೆ. ನಕ್ಕುಬಿಡಬೇಡಿ. ಮೂತ್ರಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಯಾರನ್ನಾದರೂ ಕೇಳಿ ನೋಡಿ.

ಈಗ ಆ ಪಟ್ಟಿ ಮಾಡಿದ ರಬ್ಬಿಯ ವಿಷಯ. ಇಸ್ರಯೇಲ್ ಮೇಯರ್ ಕಗಾನ್. ಇಂದು ಬೆಲರೂಸ್ ದೇಶದಲ್ಲಿರುವ ರಾದುನ್ ಎಂಬ ಸಣ್ಣ ಊರಿನವರು, 1933ರಲ್ಲಿ ತೀರಿಕೊಂಡರು. ಗಂಡಹೆಂಡತಿ ಒಂದು ಚಿಲ್ಲರೆ ಅಂಗಡಿ ಇಟ್ಟಿದ್ದರು. ತೂಕದಲ್ಲಿ ಗುಲಗಂಜಿಯಷ್ಟೂ ಮೋಸವಿಲ್ಲವೆಂದು ಗಿರಾಕಿಗಳೆಲ್ಲ ಅಲ್ಲಿಗೇ ಬರತೊಡಗಿದಾಗ, ಪಕ್ಕದ ಅಂಗಡಿಗಳಿಗೆ ನಷ್ಟವಾಗುತ್ತದೆಂದು ಬಾಗಿಲು ಮುಚ್ಚಿಬಿಟ್ಟರೆಂದು ಹೇಳುತ್ತಾರೆ. ಇವರು 1873ರಲ್ಲಿ ತಮ್ಮ ಹೆಸರು ಹಾಕದೆ ‘ಹಫೆತ್ಸ್ ಹಯ್ಯೀಂ’ ಎಂಬ ಪುಸ್ತಕ ಪ್ರಕಟಿಸಿದರು. ಪುಸ್ತಕ ಎಷ್ಟು ಹೆಸರಾಯಿತೆಂದರೆ ಲೇಖಕರನ್ನೇ ಜನ ಆ ಹೆಸರಿನಿಂದ ಕರೆಯತೊಡಗಿದರು. ಅದರ ವಿಷಯ ಒಂದೇ: ಚಾಡಿ.

ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ಆಡಬಾರದು ಎಂದರೆ ಸುಳ್ಳು ಆಡಬಾರದು ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ‘ನಾನು ಇದ್ದದ್ದನ್ನೇ ಹೇಳಿದೆ’ ಎಂಬುದು ನಮ್ಮೆಲ್ಲರ ಸಮರ್ಥನೆ. ಯೆಹೂದಿ ಶಾಸ್ತ್ರದಲ್ಲಿ ಆ ಸಮರ್ಥನೆ ನಿಲ್ಲುವುದಿಲ್ಲ. ಸುಳ್ಳು ಅಪವಾದಕ್ಕೆ ಬೇರೆಯೇ ಹೆಸರಿದೆ. ನಿಜವಾದದ್ದನ್ನು ಸುಮ್ಮನೆ ಆಡಿ ಒಬ್ಬರ ಮಾನ ಕಳೆಯುವುದೇ ‘ಲಶೋನ್ ಹಾರಾ’, ಅಂದರೆ ಕೆಟ್ಟ ನಾಲಗೆ. ಕೇಳಿ ನಂಬಿದವನೂ ತಪ್ಪಿತಸ್ಥ. ಬಾಯಿಬಿಡದೆ ಹುಬ್ಬು ಹಾರಿಸಿದರೂ ತಪ್ಪೇ. ಚಾಡಿ ಹೇಳುವವನು ಮುರಿಯಬಹುದಾದ ಆಜ್ಞೆಗಳು 31 ಎಂದು ಕಗಾನ್ ಎಣಿಸಿ ತೋರಿಸುತ್ತಾರೆ. ಹಾಗೆಂದು ಬಾಯಿ ಹೊಲಿದುಕೊಳ್ಳಬೇಕೆಂದಲ್ಲ. ಮೋಸಗಾರನೊಂದಿಗೆ ವ್ಯಾಪಾರಕ್ಕೋ ಮದುವೆಗೋ ಇಳಿಯುತ್ತಿರುವವನನ್ನು ಎಚ್ಚರಿಸಬೇಕು; ಆದರೆ ಸ್ವತಃ ತಿಳಿದದ್ದಾಗಿರಬೇಕು, ಬಣ್ಣ ಕಟ್ಟಬಾರದು, ಒಳಗೆ ಹಗೆಯಿರಬಾರದು. ಈ ನಿಯಮಗಳನ್ನು ಓದಿದ ಮೇಲೆ ಒಂದೇ ಒಂದು ದಿನ ಪಾಲಿಸಿ ನೋಡೋಣವೆಂದು ನಾನು ಹೊರಟೆ. ಬೆಳಗಿನ ಕಾಫಿಯ ಹೊತ್ತಿಗೇ ಸೋತೆ. ಸೋತಾಗಲೇ ನನ್ನ ಮಾತಿನಲ್ಲಿ ಎಷ್ಟು ಪಾಲು ಪರರ ವಿಷಯ ಎಂದು ತಿಳಿದದ್ದು. ನೀತಿಬೋಧೆಯ ಪುಸ್ತಕಗಳನ್ನು ಎಷ್ಟೋ ಓದಿದ್ದೆ. ಯಾವುದೂ ಇದನ್ನು ನನಗೆ ತಿಳಿಸಿರಲಿಲ್ಲ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಇನ್ನೊಂದು ಕಡೆಯ ವಾದವೂ ಇದೆ. ವಿಶೇಷವೆಂದರೆ ಅದನ್ನು ಅತ್ಯಂತ ಕಟುವಾಗಿ ಮಂಡಿಸಿದವರು ಯೆಹೂದಿ ಗುರುಗಳೇ. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನ ಬಹ್ಯಾ ಇಬ್ನ್ ಪಕೂದಾ, ಅಂಗಾಂಗಗಳ ಕರ್ತವ್ಯಗಳ ಬಗ್ಗೆ ಗ್ರಂಥದ ಮೇಲೆ ಗ್ರಂಥ ಬಂದಿದೆ, ಹೃದಯದ ಕರ್ತವ್ಯಗಳನ್ನು ಕೇಳುವವರಿಲ್ಲ ಎಂದು ನೊಂದುಕೊಂಡು ಅದಕ್ಕಾಗಿಯೇ ಒಂದು ಪುಸ್ತಕ ಬರೆದರು. ಹದಿಮೂರನೆಯ ಶತಮಾನದ ನಾಹ್ಮನಿಡೀಸ್ ಇನ್ನೂ ನಿಷ್ಠುರ. ಒಂದು ನಿಯಮವನ್ನೂ ಮುರಿಯದೆ ಒಬ್ಬ ನೀಚನಾಗಿ ಬಾಳಬಹುದು. ವಿಧಿಬದ್ಧವಾಗಿ ಕೊಯ್ದ ಮಾಂಸವನ್ನೇ ಹೊಟ್ಟೆಬಿರಿಯ ತಿನ್ನಬಹುದು, ಶಾಸ್ತ್ರದ ಅನುಮತಿ ಇಟ್ಟುಕೊಂಡೇ ಲಂಪಟನಾಗಬಹುದು. ಅದಕ್ಕೇ ನಿಯಮಗಳ ಮೇಲೆ ‘ಪವಿತ್ರರಾಗಿರಿ’ ಎಂಬ ಇನ್ನೊಂದು ನಿಯಮ ಬೇಕಾಯಿತು ಎಂದರು.

ಹತ್ತೊಂಬತ್ತನೆಯ ಶತಮಾನದ ಲಿಥುವೇನಿಯಾದಲ್ಲಿ ಇಸ್ರಯೇಲ್ ಸಲಾಂತರ್ ಇದನ್ನೇ ಒಂದು ಚಳವಳಿಯಾಗಿ ಮಾಡಿದರು. ‘ಮುಸಾರ್’ ಎಂದು ಅದರ ಹೆಸರು. ಶೀಲದ ಶಿಕ್ಷಣ ಎನ್ನೋಣ. ಊಟಕ್ಕೆ ಮುಂಚೆ ಕೈತೊಳೆಯುವ ವಿಧಿಗೆ ಅವರು ಒಂದು ಮನೆಯಲ್ಲಿ ಎಷ್ಟು ಕಡಿಮೆಯಾದರೆ ಅಷ್ಟು ನೀರು ಬಳಸಿದರಂತೆ. ಶಿಷ್ಯರು ಕಾರಣ ಕೇಳಿದಾಗ, ಈ ನೀರನ್ನು ದೂರದ ಬಾವಿಯಿಂದ ಹೊತ್ತು ತರುವವಳು ಕೆಲಸದ ಹುಡುಗಿ, ನನ್ನ ಪುಣ್ಯವನ್ನು ಅವಳ ಹೆಗಲ ಮೇಲೆ ಹೊರಿಸಲಾರೆ ಎಂದರಂತೆ. ಈ ಚಳವಳಿಯವರಿಗೆ ಪ್ರಿಯವಾದ ಒಂದು ಕೈಪಿಡಿ 1808ರಲ್ಲಿ ಮೆನಾಹೆಂ ಮೆಂಡೆಲ್ ಲೆಫಿನ್ ಬರೆದದ್ದು. ಹದಿಮೂರು ಗುಣಗಳನ್ನು ಆರಿಸಿಕೊಳ್ಳಿ, ವಾರಕ್ಕೊಂದರಂತೆ ಅಭ್ಯಾಸ ಮಾಡಿ, ರಾತ್ರಿ ಪಟ್ಟಿಯಲ್ಲಿ ತಪ್ಪುಗಳಿಗೆ ಗುರುತು ಹಾಕಿ ಎಂದು ಅದರ ವಿಧಾನ. ಈ ವಿಧಾನ ಬಂದದ್ದು ಯಾವ ರಬ್ಬಿಯಿಂದಲೂ ಅಲ್ಲ, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನಿಂದ! ಮಿಂಚಿಗೆ ಗಾಳಿಪಟ ಹಾರಿಸಿದವನ ದಿನಚರಿ ಲಿಥುವೇನಿಯಾದ ಪಾಠಶಾಲೆಗಳಲ್ಲಿ ತಪಸ್ಸಾಯಿತು.

ಇನ್ನೊಬ್ಬರು ನನ್ನ ವಿಷಯವನ್ನೇ ಬುಡಮೇಲು ಮಾಡುವವರು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದು 1994ರಲ್ಲಿ ತೀರಿಕೊಂಡ ಯೆಶಾಯಾಹು ಲೈಬೊವಿಟ್ಸ್. ಸ್ವತಃ ಕಟ್ಟುನಿಟ್ಟಿನ ಆಚಾರವಂತರು. ಆದರೆ ಆಜ್ಞೆಗಳಿಂದ ಮನಶ್ಶಾಂತಿ, ಆರೋಗ್ಯ, ಆತ್ಮವಿಕಾಸ ಎಂದು ಯಾರಾದರೂ ಹೇಳಿದರೆ ಸಿಡಿದೇಳುತ್ತಿದ್ದರು. ವಾರಕ್ಕೊಂದು ರಜೆ ಕೊಡಿಸಲು ಕಾರ್ಮಿಕ ಸಂಘ ಸಾಕು, ಅದಕ್ಕೆ ದೇವರೇಕೆ ಎಂಬ ಧಾಟಿ ಅವರದು. ನನ್ನ ಬೆಳವಣಿಗೆಗಾಗಿ ನಾನು ಆಜ್ಞೆ ಪಾಲಿಸಿದರೆ ನಾನು ಸೇವಿಸುತ್ತಿರುವುದು ದೇವರನ್ನಲ್ಲ, ನನ್ನನ್ನೇ. ಈ ಮಾತಿಗೆ ಸುಲಭದ ಉತ್ತರ ನನ್ನಲ್ಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಬೆಳೆಯಬೇಕೆಂದು ದಿನವೂ ಕನ್ನಡಿ ನೋಡಿಕೊಳ್ಳುವವನಿಗಿಂತ, ಬೆಳವಣಿಗೆಯನ್ನು ಮರೆತು ಕೆಲಸ ಮಾಡುವವನು ಹೆಚ್ಚು ಬೆಳೆದದ್ದನ್ನು ನಾನು ನೋಡಿದ್ದೇನೆ. ಇನ್ನು ಆಚಾರವೆಲ್ಲ ಬೇಕೇಬೇಕೆ, ಅರ್ಧ ಮಾಡಿದರೆ ಆಗದೆ ಎನ್ನುವವರಿಗೆ ಜರ್ಮನಿಯ ದಾರ್ಶನಿಕ ಫ್ರಾಂಟ್ಸ್ ರೋಸನ್‌ಸ್ವೈಗ್ ಇದ್ದಾರೆ. ಕ್ರೈಸ್ತರಾಗಲು ಹೊರಟಿದ್ದವರು 1913ರಲ್ಲಿ ಮನಸ್ಸು ಬದಲಿಸಿ ತಮ್ಮ ಧರ್ಮಕ್ಕೆ ಮರಳಿ, ಆಚರಣೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡರು. ಪ್ರಾರ್ಥನೆಯ ಹೊತ್ತಿಗೆ ತೋಳಿಗೂ ಹಣೆಗೂ ಕಟ್ಟುವ ತೆಫಿಲಿನ್ ಧರಿಸುತ್ತೀರಾ ಎಂದು ಕೇಳಿದಾಗ ಅವರು ‘ಇಲ್ಲ’ ಎನ್ನಲಿಲ್ಲ, ‘ಇನ್ನೂ ಇಲ್ಲ’ ಎಂದರಂತೆ.

ಇಲ್ಲಿ ನಮ್ಮ ಕರಾವಳಿಗೆ ಸಂಬಂಧಿಸಿದ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ದೇವರ ಹೆಸರು ಬರೆದ ಕಾಗದವನ್ನು ಹರಿದು ಬಿಸಾಡಬಾರದು ಎಂಬುದು ಯೆಹೂದ್ಯರ ಒಂದು ನಿಯಮ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನವರು ಬಳಸಿ ಮುಗಿದ ಕಾಗದಗಳನ್ನು ಒಂದು ಕೋಣೆಗೆ ಹಾಕುತ್ತ ಬಂದರು. ಧರ್ಮಗ್ರಂಥ ಮಾತ್ರವಲ್ಲ, ವ್ಯಾಪಾರದ ಓಲೆ, ಕರಾರು, ಲೆಕ್ಕಪತ್ರ, ಎಲ್ಲವೂ ಅಲ್ಲಿಗೇ ಹೋದವು. ಶತಮಾನಗಳ ಕಾಲ ಹೀಗೆ ಬಿದ್ದ ರಾಶಿಯಲ್ಲಿ ಸುಮಾರು 1,93,000 ತುಣುಕುಗಳು ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರಿಂದಾಗಿ 1897ರಲ್ಲಿ ಕೇಂಬ್ರಿಜ್ ಸೇರಿದವು. ಅಲ್ಲಿಂದ ಹಾಗೂ ಬೇರೆ ಸಂಗ್ರಹಗಳಿಂದ ಹೊರಬಂದದ್ದು ಟ್ಯುನೀಸಿಯಾದ ವ್ಯಾಪಾರಿ ಏಬ್ರಹಾಂ ಬೆನ್ ಯಿಜು ಅವರ ಜೀವನ. ಹನ್ನೆರಡನೆಯ ಶತಮಾನದಲ್ಲಿ ಅವರು ಸುಮಾರು ಹದಿನೇಳು ವರ್ಷ ನಮ್ಮ ಮಂಗಳೂರಿನ ಕಡೆ ನೆಲೆಸಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದರು. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ 1132ರಲ್ಲಿ ಮಂಗಳೂರಿನಲ್ಲಿ ಬರೆದ ಪತ್ರ ಉಳಿದಿದೆ. ಅವರ ಸೇವಕ ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮೈಮೋನಿಡೀಸರ ತಮ್ಮ ದಾವೀದ, ಭಾರತಕ್ಕೆ ಹೊರಡುವ ಮುನ್ನ ಕೆಂಪು ಸಮುದ್ರದ ಬಂದರಿನಿಂದ ಅಣ್ಣನಿಗೆ ಬರೆದ ಕಾಗದವೂ ಅದೇ ಕೋಣೆಯಲ್ಲಿ ಸಿಕ್ಕಿತು. ಆ ತಮ್ಮ ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಸುದ್ದಿ ಕೇಳಿದ ಮೈಮೋನಿಡೀಸ್ ಒಂದು ವರ್ಷ ಹಾಸಿಗೆ ಹಿಡಿದರು. ಆ ಕೋಣೆಗೆ ಕಾಗದ ಹಾಕಿದ ಯಾರಿಗೂ ಚರಿತ್ರೆಯನ್ನು ಉಳಿಸುವ ಉದ್ದೇಶವಿರಲಿಲ್ಲ. ನಿಯಮ ಪಾಲಿಸಿದರು, ಅಷ್ಟೆ.

ಕೊಂಕಣ ತೀರದ ಬೆನೆ ಇಸ್ರಯೇಲ್ ಯೆಹೂದ್ಯರದೂ ಹೀಗೆಯೇ. ಅಲಿಬಾಗಿನ ಬಳಿ ಹಡಗೊಡೆದು ಬದುಕಿ ಬಂದವರ ಸಂತತಿ ತಾವೆಂದು ಅವರ ನಂಬಿಕೆ. ಹೀಬ್ರೂ ಮರೆತರು, ಗ್ರಂಥ ಮರೆತರು, ಮರಾಠಿ ಮಾತೃಭಾಷೆಯಾಯಿತು. ಉಳಿದದ್ದು ದೇವನೊಬ್ಬನೇ ಎಂದು ಸಾರುವ ‘ಶೆಮಾ’ ಪ್ರಾರ್ಥನೆ, ಗಂಡುಮಕ್ಕಳ ಸುನ್ನತಿ, ಊಟದ ಕೆಲವು ನಿಯಮಗಳು, ಮತ್ತು ಶನಿವಾರ. ಎಣ್ಣೆ ತೆಗೆಯುವ ಕಸುಬಿನ ಇವರ ಗಾಣಗಳು ಶನಿವಾರ ತಿರುಗುತ್ತಿರಲಿಲ್ಲ. ಅದಕ್ಕೇ ಅಕ್ಕಪಕ್ಕದವರು ‘ಶನಿವಾರ ತೇಲಿ’ ಎಂದು ಕರೆದರು. ದಾವೀದ್ ರಹಾಬಿ ಎಂಬವರು ಇವರನ್ನು ಪರೀಕ್ಷಿಸಲೆಂದು ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟರಂತೆ. ರೆಕ್ಕೆ ಮತ್ತು ಹೊರೆ ಇರುವ ಮೀನನ್ನು ಮಾತ್ರ ಅವರು ಬೇಯಿಸಲು ಆರಿಸಿಕೊಂಡರು. ಕಾರಣ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಇಂಥವರು ಇಸ್ರೇಲಿಗೆ ಹೋದಾಗ ಅಲ್ಲಿನ ಧರ್ಮಾಧಿಕಾರಿಗಳು ಇವರ ವಿವಾಹಗಳ ಬಗ್ಗೆ ಶಂಕೆ ಎತ್ತಿ, ಪ್ರತಿಭಟನೆಯ ನಂತರ 1964ರಲ್ಲಿ ಪೂರ್ಣ ಯೆಹೂದ್ಯರೆಂದು ಒಪ್ಪಿದರು. ಶತಮಾನಗಳ ಶನಿವಾರಗಳಿಗಿಂತ ದೊಡ್ಡ ಸಾಕ್ಷ್ಯ ಇನ್ನೇನು ಬೇಕಿತ್ತೋ ನನಗೆ ತಿಳಿಯದು.

ನನ್ನ ಎರಡನೆಯ ಚಳಿಗಾಲದಲ್ಲಿ ಮೇಷ್ಟ್ರ ಪತ್ನಿ ತೀರಿಕೊಂಡರು. ದುಃಖಕ್ಕೂ ಯೆಹೂದ್ಯರಲ್ಲಿ ಮೆಟ್ಟಿಲುಗಳಿವೆ. ಮೊದಲ ಏಳು ದಿನ ಮನೆಬಿಟ್ಟು ಹೋಗುವಂತಿಲ್ಲ, ತಗ್ಗಾದ ಆಸನದಲ್ಲಿ ಕೂರಬೇಕು. ಬಂದವರು ದುಃಖಿತರು ಮಾತನಾಡುವ ಮುಂಚೆ ತಾವಾಗಿ ಮಾತು ತೆಗೆಯಬಾರದು. ಎಂಥ ಸೂಕ್ಷ್ಮ ನೋಡಿ! ಸಂತಾಪದ ಸವಕಲು ಮಾತುಗಳಿಂದ ಅದೆಷ್ಟು ರಕ್ಷಣೆ! ಆಮೇಲೆ ಮೂವತ್ತು ದಿನಗಳವರೆಗೆ ಇನ್ನೊಂದು ಹಂತ. ತಂದೆತಾಯಿ ಸತ್ತರೆ ಮಾತ್ರ ಶೋಕ ಒಂದು ವರ್ಷ. ಆ ದಿನಗಳಲ್ಲಿ ‘ಕದ್ದೀಷ್’ ಎಂಬ ಪ್ರಾರ್ಥನೆ ಹೇಳುವುದು ಸಂಪ್ರದಾಯ. ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ. ಇರುವುದು ದೇವರ ಮಹಿಮೆ ಮಾತ್ರ. ಮತ್ತು ಅದನ್ನು ಒಬ್ಬಂಟಿಯಾಗಿ ಹೇಳುವಂತಿಲ್ಲ. ಹತ್ತು ಜನ ಸೇರಬೇಕು. ಸಾಂಪ್ರದಾಯಿಕರಲ್ಲಿ ಗಂಡಸರನ್ನೇ ಎಣಿಸುತ್ತಾರೆ. ಅಮೆರಿಕದ ಕನ್ಸರ್ವೇಟಿವ್ ಪಂಥದವರು 1973ರಲ್ಲಿ ಹೆಂಗಸರನ್ನೂ ಎಣಿಸಲು ಅವಕಾಶ ಕೊಟ್ಟರು. ಅದಕ್ಕೂ ಎಷ್ಟೋ ಮುಂಚೆ, 1916ರಲ್ಲಿ, ಎಂಟು ಹೆಣ್ಣುಮಕ್ಕಳಲ್ಲಿ ಒಬ್ಬರಾದ ಹೆನ್ರಿಯೆಟಾ ಸೋಲ್ಡ್ ಅವರ ತಾಯಿ ತೀರಿಕೊಂಡಾಗ ಸ್ನೇಹಿತರೊಬ್ಬರು ತಾವೇ ಕದ್ದೀಷ್ ಹೇಳುವುದಾಗಿ ಬರೆದರು. ಸೋಲ್ಡ್ ವಂದನೆ ತಿಳಿಸಿ, ಅದು ನನ್ನ ಕರ್ತವ್ಯ, ಬೇರೆಯವರಿಗೆ ಬಿಟ್ಟುಕೊಡಲಾರೆ ಎಂದು ಉತ್ತರಿಸಿದರು.

ಮೇಷ್ಟ್ರ ಮೂವತ್ತು ದಿನ ಮುಗಿಯಲು ಎರಡೇ ದಿನ ಉಳಿದಿತ್ತು. ಆ ಸಂಜೆ ಹಿಮ ಬೀಳುತ್ತಿತ್ತು. ಜಾರಿಬಿದ್ದಾರೆಂದು ಕೈಹಿಡಿದು ಸಿನಗಾಗ್‌ವರೆಗೆ ಕರೆದುಕೊಂಡು ಹೋದೆ. ಒಳಗೆ ಎಂಟು ಜನರಿದ್ದರು, ಇವರು ಸೇರಿ ಒಂಬತ್ತು. ನಾನು ಹತ್ತನೆಯವನು, ಆದರೆ ನನ್ನನ್ನು ಎಣಿಸುವಂತಿಲ್ಲ. ಆ ಕ್ಷಣ ನನಗೆ ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ. ಮುದುಕನ ದುಃಖಕ್ಕಿಂತ ಲೆಕ್ಕ ದೊಡ್ಡದೇ? ಒಂಬತ್ತು ಜನರೂ ಕಾದರು. ಯಾರೋ ಫೋನು ಮಾಡಲು ಹೋದರು. ಇಪ್ಪತ್ತು ನಿಮಿಷವಾಯಿತು. ನನ್ನ ಮುಖ ನೋಡಿ ಮೇಷ್ಟ್ರು ಮೆಲ್ಲನೆ ಹೇಳಿದರು: ‘ಒಂಬತ್ತು ಜನ ರಬ್ಬಿಗಳಿದ್ದರೂ ಸಾಲದು, ಹತ್ತು ಜನ ಚಮ್ಮಾರರಾದರೆ ಸಾಕು ಎಂದು ನಮ್ಮಲ್ಲಿ ಗಾದೆಯಿದೆ. ಲೆಕ್ಕ ಇಲ್ಲದಿದ್ದರೆ ನಾನು ಮನೆಯಲ್ಲೇ ಕೂತು ಅಳುತ್ತಿದ್ದೆ. ಇವರೂ ಬರುತ್ತಿರಲಿಲ್ಲ.’

ಕೊನೆಗೆ ಬಂದವನು ಒಬ್ಬ ಯುವಕ, ಅಂಗಡಿ ಮುಚ್ಚಿ ಓಡಿ ಬಂದಿದ್ದ. ಕೋಟಿನ ಮೇಲೆಲ್ಲ ಹಿಮ. ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡ. ಅವನಿಗೆ ಮೇಷ್ಟ್ರ ಹೆಸರೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮೇಷ್ಟ್ರು ಎದ್ದು ನಿಂತು ಕದ್ದೀಷ್ ಹೇಳಿದರು, ಉಳಿದವರು ಅಲ್ಲಲ್ಲಿ ‘ಆಮೆನ್’ ಎಂದರು. ಎರಡು ನಿಮಿಷವೂ ಹಿಡಿಯಲಿಲ್ಲ.

ಮನೆಯಲ್ಲಿ ಹೆಂಗಸರಿಲ್ಲದಿದ್ದರೆ ಸಬ್ಬತ್ತಿನ ದೀಪವನ್ನು ಗಂಡಸೇ ಹಚ್ಚಬೇಕು. ಆ ವಾರ ಶುಕ್ರವಾರ ಮೂರೂವರೆಗೆ ನಾನು ಕಿಟಕಿಯ ಬಳಿ ನಿಂತಿದ್ದೆ. ಪಕ್ಕದ ಮನೆಯಲ್ಲಿ ಮೊದಲು ಒಂದು ದೀಪ, ಸ್ವಲ್ಪ ಹೊತ್ತಿಗೆ ಇನ್ನೊಂದು ಕಂಡಿತು.